ಬಿಳಿ ಅಳಿಲಿಗೆ ಸಾಕ್ಷಿ

ಇದು ೧೯೯೯ರಲ್ಲಿ ನಡೆದದ್ದು. ನನ್ನ ಮದುವೆಯಾಗಿ ಎರಡನೇ ವರ್ಷ. ನನ್ನವರು ರಜೆ ಮುಗಿಸಿ ಮಸ್ಕತ್ತಿಗೆ ಹೊರಟು ಹೋಗಿದ್ದರು. ಶಂಕರಪುರದ ಹೊಸ ಮನೆಯಲ್ಲಿ ನಾನೊಬ್ಬಳೇ. ಬೆಳಿಗ್ಗೆ ಹಿತ್ತಲಿನ ಮಲ್ಲಿಗೆ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, ಹೂವಿನ ವ್ಯಾಪಾರದ ಕಟ್ಟೆಗೆ ಕೊಟ್ಟು ಬಂದರೆ ಆ ದಿನದ ಮಾತುಕತೆ ಮುಗಿಯಿತು. ಕುಕ್ಕರ್ ಸೀಟಿ ಹೊಡೆದರೆ "ಆಯ್ತು, ಬಂದೆ" ಎಂದು ಅದಕ್ಕೇ ಉತ್ತರ ಕೊಡುತ್ತಿದ್ದೆ.

ಒಂದು ಬೆಳಿಗ್ಗೆ ಗಿಡಗಳ ನಡುವೆ ಕುಳಿತು ಮೊಗ್ಗು ಕೊಯ್ಯುತ್ತಿದ್ದಾಗ ಬೇಲಿಯಾಚೆ ಗೇರುಮರದ ಕೊಂಬೆಯಲ್ಲಿ ಏನೋ ಬೆಳ್ಳಗಿನದು ಓಡಿತು. ಅದು ನಿಂತು ನನ್ನನ್ನು ನೋಡಿದಾಗಲೇ ಗೊತ್ತಾದದ್ದು, ಅಳಿಲು! ಬೆನ್ನಿನಲ್ಲಿ ಗೆರೆಯೇ ಇಲ್ಲ. ಬಾಲದ ತುದಿಯವರೆಗೂ ಬಿಳಿ, ಕಣ್ಣು ಮಾತ್ರ ಕೆಂಪು. ನಾನು ಉಸಿರು ಬಿಗಿ ಹಿಡಿದು ಕುಳಿತೆ. ಅದು ಸರ್ರನೆ ಮೇಲೆ ಹತ್ತಿ ಎಲೆಗಳಲ್ಲಿ ಮರೆಯಾಯಿತು. ಆಮೇಲೆ ಆಗಾಗ ಬರತೊಡಗಿತು.

ಶುಕ್ರವಾರ ನನ್ನವರ ಫೋನು ಬಂದಾಗ ಸಂಭ್ರಮದಿಂದ ಹೇಳಿದೆ. ಅವರು ನಗಲಿಲ್ಲ. "ನಿನಗೆ ರಾತ್ರಿ ನಿದ್ದೆ ಸರಿಯಾಗಿ ಬರ್ತದಲ್ವಾ?" ಎಂದು ಕೇಳಿದರು. ಫೋನಿಟ್ಟವರೇ ಕಾರ್ಕಳದಲ್ಲಿರುವ ತಮ್ಮ ಅಕ್ಕನಿಗೆ ಹೇಳಿದ್ದಾರೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅಕ್ಕ ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ಹಾಜರ್.

"ಬಿಳಿ ಅಳಿಲು ಅಂತ ಎಲ್ಲಿಯಾದರೂ ಉಂಟಾ ಮಾರಾಯ್ತಿ? ಜಾಗದಲ್ಲಿ ಎಂತದೋ ದೋಷ ಉಂಟು. ಜೋಯಿಸರಲ್ಲಿ ಪ್ರಶ್ನೆ ಇಡಿಸುವ. ಅಲ್ಲಿಯವರೆಗೆ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಾ" ಎಂದರು.

ನನಗೆ ಮೈ ಉರಿಯಿತು. ಅವರದ್ದು ತುಂಬಿದ ಮನೆ, ಒಳ್ಳೆಯ ಜನವೇ. ಆದರೆ ಗಂಡ ದೂರ ಹೋದ ಮೇಲೆ ತಲೆ ಕೆಟ್ಟವಳು ಎಂಬ ಹೆಸರು ಹೊತ್ತು ಆ ಮನೆಯ ಮೆಟ್ಟಿಲು ಹತ್ತಿದರೆ, ಆಮೇಲೆ ಜೀವಮಾನವಿಡೀ ನನ್ನ ಮಾತಿಗೆ ಕಿಲುಬು ಕಾಸಿನ ಬೆಲೆ ಇರುತ್ತದೆಯೇ? "ನಾನು ಸರಿ ಇದ್ದೇನೆ ಅಕ್ಕ. ಒಬ್ಬಳೇ ಇರಲು ನನಗೇನೂ ಕಷ್ಟ ಇಲ್ಲ. ಅಳಿಲನ್ನು ತೋರಿಸ್ತೇನೆ, ಆಮೇಲೆ ಹೇಳಿ" ಎಂದೆ. "ಹಾಗಾದರೆ ನೋಡಿಯೇ ಹೋಗ್ತೇನೆ" ಎಂದು ಅಕ್ಕ ಅಲ್ಲೇ ಉಳಿದರು.

ತೋರಿಸುವುದು ಹೇಗೆ? ಅಕ್ಕನದ್ದು ಟಪಟಪ ಚಪ್ಪಲಿ, ದೊಡ್ಡ ಗಂಟಲು. ಅವರು ಹಿತ್ತಲಿಗೆ ಇಳಿದರೆ ಕಾಗೆಯೂ ನಿಲ್ಲುತ್ತಿರಲಿಲ್ಲ. ಫೋಟೋ ತೆಗೆಯುವುದೊಂದೇ ದಾರಿ. ನನ್ನವರು ಬಿಟ್ಟು ಹೋದ ಕ್ಯಾಮೆರಾ ಕಪಾಟಿನಲ್ಲಿತ್ತು. ರೀಲಿನ ಕೊನೆಯಲ್ಲಿ ಕೆಲವು ಫೋಟೋಗಳಿಗೆ ಜಾಗವಿತ್ತು. "ಮುಂದಿನ ರಜೆಯಲ್ಲಿ ನಾವಿಬ್ಬರೂ ತೆಗೆಸಿಕೊಳ್ಳುವ" ಎಂದು ಉಳಿಸಿದ್ದರು. ಮನಸ್ಸಿನಲ್ಲೇ ಕ್ಷಮೆ ಕೇಳಿ ಅದನ್ನು ಕೈಗೆತ್ತಿಕೊಂಡೆ.

ದಿನಾ ಬೆಳಿಗ್ಗೆ ಗಿಡಗಳ ನಡುವೆ ಕಾದೆ. ಅಳಿಲು ಬರಲಿಲ್ಲ. ಆದರೆ ಮನೆಯೊಳಗೆ ಬೇರೆಯೇ ಏನೋ ಆಗುತ್ತಿತ್ತು. ಅಕ್ಕ ಪತ್ರೊಡೆ ಮಾಡಿದರು. ನನ್ನ ತಲೆಗೆ ಎಣ್ಣೆ ಹಾಕಿ ತಿಕ್ಕಿದರು. ಇಬ್ಬರೂ ಜಗಲಿಯಲ್ಲಿ ಕುಳಿತು ಹೂ ಕಟ್ಟುವಾಗ ನನ್ನವರು ಸಣ್ಣವರಿದ್ದಾಗ ಮಾಡಿದ ಪುಂಡಾಟವನ್ನೆಲ್ಲ ಹೇಳಿ ನಗಿಸಿದರು. ನಾನು ಎರಡೆರಡು ಸಲ ಅನ್ನ ಬಡಿಸಿಕೊಂಡು ಉಣ್ಣುತ್ತಿದ್ದೆ.

ಕೊನೆಗೊಂದು ದಿನ ಅಕ್ಕ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಅಳಿಲು ಬಂತು. ನೇರವಾಗಿ ಬೇಲಿಯ ಕಲ್ಲಿನ ಮೇಲೆ ಕುಳಿತು ಮುಂಗಾಲಿನಿಂದ ಮುಖ ಒರೆಸಿಕೊಂಡಿತು. ಕ್ಯಾಮೆರಾ ಎತ್ತಿ ಕಣ್ಣಿಗೆ ಹಿಡಿದೆ. ಒತ್ತಿದೆ, ಮತ್ತೆ ಒತ್ತಿದೆ. ರೀಲು ಮುಗಿದು ಕ್ಯಾಮೆರಾ ಗುರ್ರೆಂದಿತು. ಅಳಿಲು ಹಾರಿ ಹೋಯಿತು. ಮತ್ತೆಂದೂ ನಾನದನ್ನು ಕಾಣಲಿಲ್ಲ.

ಕಾಪುವಿನ ಸ್ಟುಡಿಯೋದಿಂದ ಫೋಟೋ ತಂದ ದಿನ ಲಕೋಟೆಯನ್ನು ದಾರಿಯಲ್ಲಿ ಬಿಚ್ಚುವ ಧೈರ್ಯ ಬರಲಿಲ್ಲ. ಮನೆಗೆ ಬಂದು ಇಬ್ಬರೂ ಕಿಟಕಿಯ ಬಳಿ ನಿಂತು ನೋಡಿದೆವು. ಕೆಲವು ಅಲುಗಾಡಿ ಹಾಳಾಗಿದ್ದವು. ಒಂದರಲ್ಲಿ ಮಾತ್ರ ಸ್ಪಷ್ಟವಾಗಿ ಬಿದ್ದಿತ್ತು, ಕಪ್ಪು ಕಲ್ಲಿನ ಮೇಲೆ ಹಾಲಿನಂಥ ಬಿಳಿ ಅಳಿಲು.

ಅಕ್ಕ ಕನ್ನಡಕ ಸರಿಪಡಿಸಿಕೊಂಡು ಮತ್ತೆ ಮತ್ತೆ ನೋಡಿದರು. "ಹೌದು ಮಾರಾಯ್ತಿ, ಅಳಿಲೇ! ನಾವೇ ಸುಮ್ಮನೆ ಎಂತೆಂತದೋ ಯೋಚನೆ ಮಾಡಿದೆವು" ಎಂದು ನನ್ನ ಕೆನ್ನೆ ಸವರಿದರು. ಅವರ ಮುಖದಲ್ಲಿ ದೊಡ್ಡ ಭಾರ ಇಳಿದ ನೆಮ್ಮದಿ. ತಮ್ಮನಿಗೆ ಫೋನು ಮಾಡಿ, "ನಿನ್ನ ಹೆಂಡತಿ ಗಟ್ಟಿಗಿತ್ತಿ. ಅವಳ ಚಿಂತೆ ಬಿಡು. ಒಬ್ಬಳೇ ಇರ್ತಾಳೆ" ಎಂದರು. ಅಷ್ಟು ಹೇಳಿ, ಹಗ್ಗದ ಮೇಲಿದ್ದ ತಮ್ಮ ಸೀರೆಗಳನ್ನು ತೆಗೆದು ಮಡಚತೊಡಗಿದರು.

"ಇನ್ನೆರಡು ದಿನ ಇದ್ದು ಹೋಗಿ ಅಕ್ಕ" ಎನ್ನಬೇಕೆಂದು ಬಾಯಿತನಕ ಬಂತು. ಒಬ್ಬಳೇ ಇರಲು ಏನೂ ಕಷ್ಟ ಇಲ್ಲ ಎಂದು ಅಷ್ಟು ಜೋರಾಗಿ ಹೇಳಿದವಳು ಈಗ ಯಾವ ಬಾಯಿಯಿಂದ ಕೇಳಲಿ? ಅವರ ಚೀಲಕ್ಕೆ ಒಂದು ಚೆಂಡು ಮಲ್ಲಿಗೆ ಹಾಕಿ ಬಸ್ಸಿಗೆ ಹತ್ತಿಸಿದೆ. ಮನೆಗೆ ಬಂದು ಬಾಗಿಲು ತೆರೆದಾಗ ಒಳಗಿನ ಆ ಮೌನಕ್ಕೆ ಹೆದರಿ ಹೊಸ್ತಿಲಲ್ಲೇ ಕುಳಿತು ಚೆನ್ನಾಗಿ ಅತ್ತೆ.

ಆ ಫೋಟೋ ಈಗಲೂ ನನ್ನ ಬಳಿ ಉಂಟು. ನೋಡಿದವರೆಲ್ಲ ಎಂಥ ಅದೃಷ್ಟ ನಿಮ್ಮದು ಎನ್ನುತ್ತಾರೆ. ನಾನು ಹೌದು ಎನ್ನುತ್ತೇನೆ. ಆದರೆ ಎಲ್ಲ ಫೋಟೋಗಳೂ ಅಲುಗಾಡಿ ಹಾಳಾಗಿದ್ದರೆ ಅಕ್ಕ ಇನ್ನೂ ಕೆಲವು ದಿನ ನನ್ನ ಜೊತೆ ಇರುತ್ತಿದ್ದರಲ್ಲ ಎಂದು ಇಂದಿಗೂ ಅನಿಸುತ್ತದೆ.