ಕಿಟಕಿ ಕಟ್ಟೆಯ ಮೇಲೆ ಲಾಕಿಲ್ಲದ ಫೋನು

ನಮ್ಮ ಎಸ್ಟೇಟ್‌ನಲ್ಲಿ ಫೋನಿಗೆ ಲಾಕ್ ಹಾಕುವ ಪದ್ಧತಿ ಇಲ್ಲ. ಹಾಕಿದರೆ ಜನ ಒಂದು ಥರ ನೋಡುತ್ತಾರೆ. ಕಾರಣ ಸಿಗ್ನಲ್. ಹೊಂಗಡಹಳ್ಳ ದಾಟಿ ಒಳಗೆ ಬಂದರೆ ಕೆಲಸದವರು ಇರುವ ಲೈನ್ ಮನೆಗಳಲ್ಲಿ ಸಿಗ್ನಲ್ ಇಲ್ಲ, ತೋಟದಲ್ಲೂ ಇಲ್ಲ. ಸಿಗುವುದು ಸ್ಟೋರ್ ಕಟ್ಟಡದ ಮುಂದಿನ ಕಿಟಕಿ ಕಟ್ಟೆಯ ಮೇಲೆ ಮಾತ್ರ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಎಲ್ಲರೂ ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಲ್ಲಿಟ್ಟು ಹೋಗುತ್ತಾರೆ. ಯಾರದು ರಿಂಗಾದರೂ ಹತ್ತಿರ ಇದ್ದವರು ಎತ್ತಬೇಕು. ಮಿಸ್ಡ್ ಕಾಲ್ ಇದ್ದರೆ ತಿರುಗಿ ಮಾಡಿ ವಿಷಯ ಕೇಳಬೇಕು. ಆಮೇಲೆ ತೋಟದ ಕಡೆ ಮುಖ ಮಾಡಿ ಕೂಗಬೇಕು. ನನ್ನ ಅಕ್ಕನಿಗೆ ಹೆರಿಗೆಯಾದ ದಿನ ಕಾಫಿ ಒಣಗಿಸುವ ಕಣ ಗುಡಿಸುವ ಹೆಂಗಸು ಕೂಗಿದ್ದು ಇಡೀ ಗುಡ್ಡಕ್ಕೆ ಕೇಳಿತ್ತು. "ಲೋ, ನೀನು ಮಾವ ಆಗ್ಬುಟ್ಟೆ ಕಣೋ." ನನಗಿಂತ ಮೊದಲು ಹತ್ತು ಜನ ನಕ್ಕರು.

ಹೀಗೆ ಬದುಕಿದವನಿಗೆ ಫೋನಿನಲ್ಲಿ ಗುಟ್ಟು ಇಟ್ಟುಕೊಳ್ಳುವುದು ಗೊತ್ತಿರಲಿಲ್ಲ. ಬೇಕೂ ಇರಲಿಲ್ಲ. ಅವ್ವನ ಮಂಡಿ ಹೋಗುವವರೆಗೆ.

ನಾನು ಓದಿದ್ದು ಏಳನೇ ಕ್ಲಾಸು. ಪಲ್ಪರ್ ಓಡಿಸುತ್ತೇನೆ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್ನು. ಅವ್ವ ಹಣ್ಣು ಕೊಯ್ಯುತ್ತಾಳೆ. ನಮ್ಮ ತೋಟ ಪೂರ್ತಿ ಇಳಿಜಾರು. ಚೀಲ ಹೊತ್ತು ಹತ್ತಿ ಇಳಿದು ಅವಳ ಎರಡೂ ಮಂಡಿ ಊದಿಕೊಂಡವು. ಹಾಸನದ ಡಾಕ್ಟರು ಗುಡ್ಡ ಹತ್ತಬೇಡಿ ಅಂದರು. ಹತ್ತದಿದ್ದರೆ ಲೈನ್ ಮನೆ ಕೊಡುವುದಿಲ್ಲ. ಮನೆ ಇರುವುದು ಕೆಲಸಕ್ಕೆ ಬರುವವರಿಗೆ.

ಯಸಳೂರು ಕಡೆಯ ಒಂದು ಎಸ್ಟೇಟ್‌ನಲ್ಲಿ ಪಲ್ಪರ್ ಓಡಿಸುವವನು ಬೇಕಾಗಿದ್ದ. ಅಲ್ಲಿ ಅವ್ವನಿಗೆ ಕಣದಲ್ಲಿ ಕೆಲಸ ಕೊಡುತ್ತೇವೆ ಅಂದರು. ಕಾಫಿ ಹರಡುವುದು, ಕೈಯಾಡಿಸುವುದು. ನೆಲ ಸಮ. ನನಗೆ ಬೇಕಾಗಿದ್ದು ಅಷ್ಟೇ. ಆದರೆ ಬಿಡುತ್ತೇನೆ ಅಂತ ಇಲ್ಲಿ ಮೊದಲೇ ಗೊತ್ತಾದರೆ ಇರುವ ಮನೆಯೂ ಹೋಗುತ್ತದೆ. ಅದಕ್ಕೆ ಚಾರ್ಜಿಂಗ್ ಪಿನ್ ಹಾಳಾಗಿದೆ ಅಂತ ಸುಳ್ಳು ಹೇಳಿ ಫೋನನ್ನು ಕಟ್ಟೆಯ ಮೇಲೆ ಇಡುವುದು ಬಿಟ್ಟೆ. ಜೇಬಲ್ಲೇ ಇಟ್ಟುಕೊಂಡು, ಸಂಜೆ ಎಸ್ಟೇಟ್ ದಾಟಿ ಬಿಸಿಲೆ ರಸ್ತೆಯ ತಿರುವಿನವರೆಗೆ ಹತ್ತಿ, ಅಲ್ಲಿ ಸಿಗುವ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಮೆಸೇಜ್ ಮಾಡುತ್ತಿದ್ದೆ. ಅವರು ಭಾನುವಾರ ಬಂದು ಮಿಷನ್ ಓಡಿಸಿ ತೋರಿಸು ಅಂದರು.

ಈ ವಿಷಯ ಹೇಳಿದ್ದು ಒಬ್ಬನಿಗೇ. ಟ್ರಾಕ್ಟರ್ ಓಡಿಸುವ ನನ್ನ ಗೆಳೆಯ, ಚಿಕ್ಕಂದಿನಿಂದ ಪಕ್ಕದ ಲೈನ್‌ನವನು.

ಶನಿವಾರ ಸಂಜೆ ರೈಟರ್ ಕರೆದರು. ಹಾಜರಿ, ಕಾಗದ ಪತ್ರ ಎಲ್ಲಾ ನೋಡಿಕೊಳ್ಳುವವರು ಅವರೇ. ಸಾಹುಕಾರರು ಬರುವುದು ಅಪರೂಪ, ಹಾಗಾಗಿ ನಮಗೆ ಎಸ್ಟೇಟ್ ಅಂದರೆ ರೈಟರ್.

"ನಾಳೆ ಪಂಪ್ ಬಿಚ್ಚಬೇಕು, ಬಾ," ಅಂದರು.

"ನಾಳೆ ಭಾನುವಾರ ಸಾರ್."

"ಗೊತ್ತೈತೆ. ಯಸಳೂರು ಎಲ್ಲಿಗೂ ಓಡೋಗಲ್ಲ ಬಿಡು."

ಅಲ್ಲಿಂದ ಸೀದಾ ಗೆಳೆಯನ ಮನೆಗೆ ಹೋದೆ. ಅವನು ಹೊರಗೆ ಕೂತು ಟ್ರಾಕ್ಟರಿನ ಫಿಲ್ಟರ್ ತೊಳೆಯುತ್ತಿದ್ದ.

"ರೈಟರ್‌ಗೆ ಹೇಳ್ಬುಟ್ಯಾ?"

"ಏನು?"

"ನಾಟಕ ಆಡ್ಬೇಡ. ಗೊತ್ತಿದ್ದಿದ್ದು ನಿಂಗೊಬ್ಬಂಗೆ."

ಅವನು ಫಿಲ್ಟರ್ ಕೆಳಗಿಟ್ಟ. "ನಿನ್ ಸುದ್ದಿ ಮಾರಿದ್ರೆ ನಂಗೇನ್ ಸಿಗುತ್ತೆ ಮಾರಾಯ? ಒಂದು ಲೋಟ ಕಾಫಿ?"

ನಾನು ಕೆಟ್ಟ ಮಾತು ಆಡಿದೆ. ಅವನ ಅಪ್ಪನನ್ನೂ ಎಳೆದೆ. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವತ್ತಿನಿಂದ ಮಾತು ಬಿಟ್ಟ.

ಭಾನುವಾರ ಹೋಗಲಾಗಲಿಲ್ಲ. ಯಸಳೂರಿನವರು ಇನ್ನೊಂದು ಸಲ ದಿನ ಕೊಟ್ಟರು. ಈ ಸಲ ಯಾರಿಗೂ, ಅವ್ವನಿಗೂ ಹೇಳಲಿಲ್ಲ. ಹೋಗುವ ಹಿಂದಿನ ದಿನ ಅಲ್ಲಿಂದ ಮೆಸೇಜ್ ಬಂತು. ನಿಮ್ಮ ರೈಟರ್ ಫೋನ್ ಮಾಡಿದ್ದರು, ನಮಗೆ ಬೇರೆ ತೋಟದ ಜೊತೆ ಜಗಳ ಬೇಡ, ಬೇರೆಯವರನ್ನು ತಗೊಂಡಿದ್ದೇವೆ. ತಿರುವಿನಲ್ಲಿ ನಿಂತು ಅದನ್ನು ನಾಲ್ಕು ಸಲ ಓದಿದೆ. ಯಾರೂ ಹೇಳಿಲ್ಲ, ಯಾರೂ ಫೋನ್ ಮುಟ್ಟಿಲ್ಲ. ಮತ್ತೆ ಹೇಗೆ? ಅವ್ವ ನಿದ್ದೆಯಲ್ಲಿ ಮಾತಾಡುತ್ತಾಳಾ ಅಂತ ಕೂಡ ಯೋಚನೆ ಬಂತು. ಅಷ್ಟು ತಲೆ ಕೆಟ್ಟಿತ್ತು.

ಸುಳ್ಳು ಹೇಳಿದ್ದಕ್ಕೋ ಏನೋ, ಚಾರ್ಜಿಂಗ್ ಪಿನ್ ನಿಜವಾಗಿಯೂ ಹಾಳಾಯಿತು. ಸಕಲೇಶಪುರದ ಒಂದು ಮೊಬೈಲ್ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗಿ ಪಿನ್ ಬದಲಾಯಿಸಿ, ಫೋನ್ ಆನ್ ಮಾಡಿ ನೋಡಿದಳು.

"ಅಣ್ಣ, ಲಾಕೇ ಇಲ್ವಲ್ಲ?"

"ನಮ್ ಕಡೆ ಹಾಕಲ್ಲ."

"ಮೆಸೇಜ್ ಆಪ್ ಬೇರೆ ಕಂಪ್ಯೂಟರಲ್ಲೂ ಓಪನ್ ಐತೆ. ಅದು ನಿಮ್ದೇನಾ?"

"ನಂಗೆಲ್ಲಿ ಬರ್ಬೇಕು ಕಂಪ್ಯೂಟರ್."

ಅವಳು ಸ್ಕ್ರೀನ್ ನನ್ನ ಕಡೆ ತಿರುಗಿಸಿದಳು. ಒಂದು ಕಂಪ್ಯೂಟರಿನ ಚಿತ್ರ, ಕೆಳಗೆ ಇವತ್ತು ಬೆಳಿಗ್ಗೆಯ ಟೈಮು. ಆಗ ನೆನಪಾಯಿತು. ಅವ್ವನ ಎಕ್ಸ್‌ರೇ ರಿಪೋರ್ಟ್ ಫೋನಿಗೆ ಬಂದಿತ್ತು, ಅದರ ಪ್ರಿಂಟ್ ಬೇಕಿತ್ತು. ರೈಟರ್ ಸ್ಟೋರ್ ಕಟ್ಟಡದಲ್ಲೇ ಇರುವ ಆಫೀಸಿನ ಕಂಪ್ಯೂಟರಿನಲ್ಲಿ ಕಪ್ಪು ಬಿಳಿ ಚುಕ್ಕಿಗಳ ಒಂದು ಚೌಕ ತೋರಿಸಿ, ಇದರ ಮುಂದೆ ಫೋನ್ ಹಿಡಿ ಅಂದಿದ್ದರು. ಹಿಡಿದೆ. ಪ್ರಿಂಟ್ ಬಂತು. ಕೈ ಮುಗಿದು ಬಂದೆ. ಕೆಲಸ ಮುಗಿದ ಮೇಲೆ ಅದನ್ನು ಮುಚ್ಚಬೇಕು ಅಂತ ನನಗೆ ಗೊತ್ತಿರಲಿಲ್ಲ. ಅವರು ಹೇಳಲೂ ಇಲ್ಲ. ಅವತ್ತಿನಿಂದ ನಾನು ಗುಡ್ಡ ಹತ್ತಿ ಕದ್ದು ಕಳಿಸಿದ ಒಂದೊಂದು ಮೆಸೇಜೂ ಆಫೀಸಿನಲ್ಲಿ ಬಿಚ್ಚಿಕೊಳ್ಳುತ್ತಿತ್ತು.

"ತೆಗೀಲಾ?" ಹುಡುಗಿ ಕೇಳಿದಳು. "ಒಂದೇ ಸಲ ಒತ್ತಿದ್ರೆ ಹೋಗುತ್ತೆ."

"ಬೇಡ. ತೆಗೆದ್ರೆ ಅವ್ರಿಗೆ ಗೊತ್ತಾಗುತ್ತೆ."

"ಹಂಗಂತ ಬಾಗಿಲು ತೆಕ್ಕೊಂಡೇ ಮಲಗ್ತೀರಾ?"

ಲಾಕ್ ಹಾಕುವುದು ಹೇಗೆ ಅಂತ ತೋರಿಸಿಕೊಟ್ಟಳು. ಹುಟ್ಟಿದ ವರ್ಷ ಇಡಬೇಡಿ, ಗಾಡಿ ನಂಬರ್ ಇಡಬೇಡಿ, ಯಾರಿಗೂ ಹೇಳಬೇಡಿ ಅಂದಳು. ತಲೆ ಆಡಿಸಿ ಬಸ್ ಹತ್ತಿದೆ.

ಆಮೇಲೆ ಒಂದು ತಿಂಗಳು ನಾನು ಬದುಕಿದ್ದು ರೈಟರ್ ಓದುವುದಕ್ಕೆ. ಲಾಕ್ ಹಾಕದ ಫೋನ್ ಮತ್ತೆ ಕಿಟಕಿ ಕಟ್ಟೆಗೆ ಹೋಯಿತು. ಅಕ್ಕನಿಗೆ ಮೆಸೇಜ್ ಮಾಡುವಾಗಲೂ ಅವರ ಕನ್ನಡಕ ಕಣ್ಣ ಮುಂದೆ ಬರುತ್ತಿತ್ತು. ಇಲ್ಲಿ ಚೆನ್ನಾಗಿದ್ದೇವೆ ಅಂತ ಬರೆಯುತ್ತಿದ್ದೆ. ಅವ್ವನ ಮಂಡಿ ಹೇಗಿದೆ ಅಂತ ಅಕ್ಕ ಕೇಳಿದರೆ ಪರವಾಗಿಲ್ಲ ಅಂತ ಬರೆಯುತ್ತಿದ್ದೆ. ಪರವಾಗಿಲ್ಲ ಅನ್ನುವ ಹಾಗೆ ಇರಲಿಲ್ಲ. ಒಂದು ದಿನ ಇಳಿಜಾರಿನಲ್ಲಿ ಕಾಲು ಸೋತು, ಹಣ್ಣಿನ ಚೀಲದ ಜೊತೆ ಉರುಳಿ, ನೆರಳಿಗೆ ಬೆಳೆಸಿದ ಸಿಲ್ವರ್ ಮರಕ್ಕೆ ತಾಗಿ ನಿಂತಳು. ಎತ್ತಿಕೊಂಡು ಬಂದವನು ನನ್ನ ಗೆಳೆಯ. ಅವಳನ್ನು ಮಂಚದ ಮೇಲೆ ಮಲಗಿಸಿ, ನನ್ನ ಮುಖ ನೋಡದೆ ಹೊರಟ. ನಾನು ಹಿಂದೆಯೇ ಹೋದೆ.

"ಕಂಪ್ಯೂಟರ್ ಕಣೋ," ಅಂದೆ. "ಆಫೀಸಲ್ಲಿ ನನ್ ಮೆಸೇಜೆಲ್ಲಾ ಓದ್ತಾವ್ರೆ. ನೀನಲ್ಲ."

"ನಾನಲ್ಲ ಅಂತ ನಂಗೆ ಗೊತ್ತಿತ್ತಲ್ಲ."

"ತಪ್ಪಾಯ್ತು."

"ಕಂಪ್ಯೂಟರ್ ಮೇಲೆ ಅನುಮಾನ ಬರ್ಲಿಲ್ಲ. ನನ್ ಮೇಲೆ ಬಂತು." ಅಷ್ಟು ಹೇಳಿ ಟ್ರಾಕ್ಟರ್ ಹತ್ತಿದ.

ಮಾರನೇ ದಿನ ಬೆಳಿಗ್ಗೆ ಸ್ಟೋರ್ ಮುಂದೆ ನಿಂತು ಫೋನಿನಲ್ಲಿ ಆ ಕಂಪ್ಯೂಟರಿನ ಚಿತ್ರ ಒತ್ತಿ ತೆಗೆದೆ. ಲಾಕ್ ಹಾಕಿದೆ. ಫೋನನ್ನು ಕವರಿಗೆ ಹಾಕಿ ಕಟ್ಟೆಯ ಮೇಲೆ ಇಟ್ಟೆ. ಮಧ್ಯಾಹ್ನ ರೈಟರ್ ಅದನ್ನು ಹಿಡಿದುಕೊಂಡು ಪಲ್ಪರ್ ಹತ್ತಿರವೇ ಬಂದರು. ಮುಖದಲ್ಲಿ ನಾಚಿಕೆ ಏನೂ ಇರಲಿಲ್ಲ.

"ಲಾಕ್ ಹಾಕಿದ್ದೀಯಂತೆ?"

"ಹೂಂ ಸಾರ್."

"ಕಳ್ಳತನ ಇಲ್ದೋರಿಗೆ ಲಾಕ್ ಯಾಕೋ? ಇಲ್ಲಿ ಎಲ್ರೂ ಒಂದೇ ಮನೆಯೋರ ಥರ ಅವ್ರೆ. ನಿಂಗೇ ಬೇರೆ ಬೇಕಾ?"

"ನಂದು ನಾನೇ ಓದ್ಕೋತೀನಿ ಸಾರ್."

ಕಣ ಗುಡಿಸುತ್ತಿದ್ದ ಹೆಂಗಸು ಪೊರಕೆ ನಿಲ್ಲಿಸಿದಳು. ರೈಟರ್ ಫೋನನ್ನು ನನ್ನ ಒದ್ದೆ ಕೈಗೆ ಕೊಟ್ಟರು. "ಹಂಗಾದ್ರೆ ಇದು ಇನ್ಮೇಲೆ ಆ ಕಟ್ಟೆ ಮೇಲೆ ಇರಂಗಿಲ್ಲ. ನಿನ್ ಜೇಬಲ್ಲೇ ಇಟ್ಕೊ."

ಕೆಲಸದಿಂದ ತೆಗೆಯಲಿಲ್ಲ. ಪಲ್ಪರ್ ಓಡಿಸುವವರು ಬೇರೆ ಇಲ್ಲ. ಆದರೆ ಈಗ ನನ್ನ ಹೆಸರು ಯಾರೂ ಕೂಗುವುದಿಲ್ಲ. ಅಕ್ಕ ಫೋನ್ ಮಾಡಿದ್ದು, ಮಗುವಿಗೆ ಜ್ವರ ಬಂದಿದ್ದು, ಬಿಟ್ಟಿದ್ದು, ಎಲ್ಲಾ ಸಂಜೆ ತಿರುವಿಗೆ ಹತ್ತಿದ ಮೇಲೇ ಗೊತ್ತಾಗುತ್ತದೆ. ದಿನವಿಡೀ ಜೇಬಿನಲ್ಲಿ ಲಾಕ್ ಹಾಕಿದ ಫೋನು ಇರುತ್ತದೆ, ಯಾರಿಗೂ ಓದಲಾಗುವುದಿಲ್ಲ, ಅದಕ್ಕೆ ಏನೂ ಬರುವುದೂ ಇಲ್ಲ. ಅವ್ವ ಮಂಡಿಗೆ ಬಟ್ಟೆ ಸುತ್ತಿಕೊಂಡು ಮತ್ತೆ ಗುಡ್ಡ ಹತ್ತುತ್ತಿದ್ದಾಳೆ. ದೋಣಿಗಲ್ ಕಡೆಯ ಇನ್ನೊಂದು ಎಸ್ಟೇಟ್‌ಗೆ ಹೋಗಿ ಕೆಲಸ ಬೇಕು ಅಂತ ಬಾಯಲ್ಲೇ ಹೇಳಿ ಬಂದಿದ್ದೇನೆ. ಅವರು ಇನ್ನೂ ಏನೂ ಹೇಳಿಲ್ಲ.

ಮೊನ್ನೆ ತಿರುವಿನಲ್ಲಿ ದೋಣಿಗಲ್‌ನವರ ಮೆಸೇಜ್ ಬಂದಿದೆಯಾ ಅಂತ ನೋಡುತ್ತಿದ್ದಾಗ ಟ್ರಾಕ್ಟರ್ ಬಂದು ನಿಂತಿತು. ಗೆಳೆಯ ಇಳಿದು, ಸ್ವಲ್ಪ ದೂರದಲ್ಲಿ ಮೋರಿಯ ಮೇಲೆ ಕೂತು ಬೀಡಿ ಹಚ್ಚಿದ.

"ಏನು ನಂಬರ್ ಇಟ್ಟಿದ್ದೀಯೋ ಲಾಕ್‌ಗೆ?" ಅಂದ.

ಅವನು ಮಾತಾಡಿದನಲ್ಲ ಅನ್ನುವ ಖುಷಿಗೆ ನಾನು ನಂಬರ್ ಹೇಳಲು ಬಾಯಿ ತೆಗೆದೆ.

"ಬೇಡ, ಬೇಡ," ಅಂತ ಕೈ ಅಡ್ಡ ಮಾಡಿದ. "ಹೇಳಿದ್ರೆ ನಾಳೆ ಮತ್ತೆ ನಾನೇ ಕಳ್ಳ."