ದೊಡ್ಡಮ್ಮನ ಹಲ್ಲಿನ ಸೆಟ್ಟು, ಬಂಗುಡೆಯ ಮುಳ್ಳು

ಆ ವರ್ಷದ ನನ್ನ ಡೈರಿಯ ಪ್ರಕಾರ ನಾನು ದೊಡ್ಡಮ್ಮನಿಗೆ ಬೈದದ್ದು ಒಂದೇ ಸಲ. ನೆನಪು ಬೇರೆಯೇ ಹೇಳುತ್ತದೆ. ಬರೆಯುವಾಗಲೇ ನನ್ನನ್ನು ಸ್ವಲ್ಪ ಒಳ್ಳೆಯವಳನ್ನಾಗಿ ಮಾಡಿಕೊಂಡಿರಬೇಕು.

ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಕಾಪುವಿನಿಂದ ಬುಟ್ಟಿ ಹೊತ್ತು ಇನ್ನಂಜೆ, ಶಿರ್ವದ ಮನೆಮನೆಗೆ ಮೀನು ಮಾರಿ ನನ್ನನ್ನು ಓದಿಸಿದವರು. ಪಾರ್ಶ್ವವಾಯು ಬಡಿದ ಮೇಲೆ ಅವರ ಬಲಗೈ ಏಳಲಿಲ್ಲ. ಬಲಗೆನ್ನೆಗೆ ಏನೂ ತಿಳಿಯುತ್ತಿರಲಿಲ್ಲ. ಅದರೊಳಗೆ ಉಳಿದ ಅನ್ನವನ್ನು ನಾನು ಬೆರಳಿಗೆ ಬಟ್ಟೆ ಸುತ್ತಿ ತೆಗೆಯುತ್ತಿದ್ದೆ. ಉಳಿದ ನಾಲ್ಕು ಹಲ್ಲುಗಳೂ ಹುಳುಕಾಗಿದ್ದವು. ಅವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತಿನ್ನುತ್ತಿದ್ದುದರಿಂದ ಮಣಿಪಾಲದ ದಂತವೈದ್ಯೆ ಒಂದು ಸಲಕ್ಕೆ ಒಂದೇ ಹಲ್ಲು ಕಿತ್ತು, ರಕ್ತ ನಿಲ್ಲುವವರೆಗೆ ಪಕ್ಕದಲ್ಲೇ ಕುಳಿತಿರುತ್ತಿದ್ದರು. ಕೊನೆಗೆ ಮೇಲೂ ಕೆಳಗೂ ಸೆಟ್ ಮಾಡಿಕೊಟ್ಟರು. ದೊಡ್ಡಮ್ಮ ಸೊರಗುತ್ತಾ ಬಂದಿದ್ದರು. ಇನ್ನಾದರೂ ಗಂಜಿ ಬಿಟ್ಟು ಊಟ ಮಾಡಿಯಾರು ಎಂದು ನನ್ನ ಆಸೆ.

ಅವರೋ ನೆಂಟರು ಬಂದರೆ ಸೆಟ್ ಹಾಕಿಕೊಳ್ಳುವರು, ಊಟಕ್ಕೆ ಕುಳಿತರೆ ತೆಗೆದು ನೀರಿನ ಡಬ್ಬಿಯಲ್ಲಿಟ್ಟು, ಗಂಜಿಗೆ ಚೂರು ಮೀನು ನಂಜಿಕೊಂಡು ಬೋಳುಬಾಯಲ್ಲೇ ಉಣ್ಣುವರು. ಅದು ಚಂದಕ್ಕೆ ಕೊಟ್ಟದ್ದಲ್ಲ ಎಂದು ಬೈದು, ಒಂದು ಮಧ್ಯಾಹ್ನ ಎದುರಿಗೆ ಕುಳಿತು, ಹಲ್ಲು ಹಾಕಿಸಿಯೇ ಬಂಗುಡೆ ಸಾರಿನ ಊಟ ಮಾಡಿಸಿದೆ. ಮೂರನೆಯ ತುತ್ತಿಗೆ ಗಂಟಲಲ್ಲಿ ಮುಳ್ಳು. ಕೆಮ್ಮಿ ಕೆಮ್ಮಿ, ಕಣ್ಣೀರು ಬಂದು, ಹೇಗೋ ಹೊರಗೆ ಬಿತ್ತು. ಮರುದಿನದಿಂದ ದೊಡ್ಡಮ್ಮ ಮೀನೂ ಬೇಡ, ಸೆಟ್ಟೂ ಬೇಡ, ಗಂಜಿ ಸಾಕು ಎಂದರು.

ವೈದ್ಯೆಯ ಮುಂದೆ ನಾನು ಹಟಮಾರಿ ಮಗುವಿನ ಮೇಲೆ ಹೇಳುವಂತೆ ದೂರು ಹೇಳಿದೆ. ಅವರು ನನ್ನನ್ನು ಬಿಟ್ಟು ದೊಡ್ಡಮ್ಮನನ್ನು ಕೇಳಿದರು. ಮನೆಯಲ್ಲಿ ತುಳು ಆಡುವ ದೊಡ್ಡಮ್ಮ, ಹೊರಗಿನವರಿಗೆಂದು ಇಟ್ಟುಕೊಂಡಿದ್ದ ಕನ್ನಡ ತೆಗೆದರು.

“ಮುಳ್ಳನ್ನು ನಾಲಿಗೆಯಲ್ಲಿ ಅಂಗುಳಕ್ಕೆ ಒತ್ತಿ ನೋಡುವುದು ಡಾಕ್ಟ್ರೇ. ಈಗ ಅಲ್ಲಿ ನಿಮ್ಮ ಪ್ಲಾಸ್ಟಿಕ್ ಉಂಟು. ನನಗೆ ಎಂತ ಗೊತ್ತಾಗ್ತದೆ?”

ಮುಳ್ಳನ್ನು ಮೊದಲೇ ಕೈಯಿಂದ ಬಿಡಿಸಿ ತಿನ್ನಬಹುದಲ್ಲವೇ ಎಂದರು ವೈದ್ಯೆ. ದೊಡ್ಡಮ್ಮ ಎಡಗೈಯಿಂದ ಬಲಗೈಯನ್ನು ಎತ್ತಿ ತೋರಿಸಿ ಮಡಿಲಿಗೆ ಬಿಟ್ಟರು. ಆ ಕೈ ಮಾಡುತ್ತಿದ್ದ ಕೆಲಸವನ್ನು ಅಷ್ಟು ದಿನ ನಾಲಿಗೆ ಮಾಡುತ್ತಿತ್ತು. ಒಂದೇ ಮನೆಯಲ್ಲಿದ್ದೂ ನಾನು ಅದನ್ನು ಕಂಡಿರಲಿಲ್ಲ.

ಅಂಗುಳ ಮುಚ್ಚದೆ ಮೇಲಿನ ಸೆಟ್ ನಿಲ್ಲುವುದಿಲ್ಲ ಎಂದ ವೈದ್ಯೆ ನನ್ನತ್ತ ತಿರುಗಿ, “ಇನ್ನು ನೀವು ಬಿಡಿಸಿ ಕೊಡಿ” ಎಂದರು.

“ಇವಳಾ?” ದೊಡ್ಡಮ್ಮ ಸೊಟ್ಟ ಬಾಯಿಯಲ್ಲಿ ನಕ್ಕರು. “ಕಾಲೇಜಿಗೆ ಹೋಗುವಾಗಲೂ ಇವಳಿಗೆ ನಾನೇ ಬಿಡಿಸಿ ಕೊಡ್ಬೇಕಿತ್ತು ಮಾರಾಯ್ರೇ.”

ನಿಜ. ಎಡಗೈಯಲ್ಲಿ ಪುಸ್ತಕ ಹಿಡಿದು, ಅವರು ಬಟ್ಟಲಿಗೆ ಹಾಕಿದ ಮೀನನ್ನು ನೋಡದೆಯೇ ತಿಂದು ಬೆಳೆದವಳು ನಾನು.

ಆಮೇಲೆ ಕಲಿತೆ. ಬೆನ್ನಿನ ಗೆರೆಯಿಂದ ಬಿಡಿಸಬೇಕು, ಹೊಟ್ಟೆಯ ಬದಿಯ ಸಣ್ಣ ಮುಳ್ಳುಗಳನ್ನು ಬೆರಳ ತುದಿಯಲ್ಲಿ ಹುಡುಕಬೇಕು. ದೊಡ್ಡಮ್ಮ ಸೆಟ್ ಹಾಕದೆ ಪ್ರತಿ ತುತ್ತನ್ನೂ ನಾಲಿಗೆಯಲ್ಲಿ ಪರೀಕ್ಷಿಸಿ, ಸಿಕ್ಕ ಮುಳ್ಳನ್ನು ನನ್ನ ಬಟ್ಟಲಿನ ಅಂಚಿಗೆ ಇಡುತ್ತಿದ್ದರು. ಡೈರಿಯಲ್ಲಿ ಆ ದಿನಗಳ ಲೆಕ್ಕವಿದೆ: ಏಳು, ನಾಲ್ಕು, ಮತ್ತೆ ನಾಲ್ಕು, ಎರಡು. ಒಂದು ಪುಟದಲ್ಲಿ “ಇವತ್ತು ಒಂದೂ ಇಲ್ಲ” ಎಂದಷ್ಟೇ ಇದೆ. ನನ್ನ ಮುಖ ನೋಡಿ ಅವರು ಒಂದನ್ನು ನುಂಗಿರಲೂಬಹುದು. ಕೇಳಬೇಕೆಂದು ಆಗ ಹೊಳೆಯಲಿಲ್ಲ.

ಆ ದಿನ ಅರ್ಧ ಮೀನು ಮುಗಿದಿತ್ತು. ದೊಡ್ಡಮ್ಮ ಬಟ್ಟಲಿನ ಖಾಲಿ ಅಂಚನ್ನು ನೋಡಿದರು, ಉಳಿದ ಅರ್ಧವನ್ನು ನೋಡಿದರು. ಎಡಗೈಯಿಂದ ಸೆಟ್ ಇದ್ದ ನೀರಿನ ಡಬ್ಬಿಯನ್ನು ನನ್ನ ಕಡೆಗೆ ಸರಿಸಿ ಬಾಯಿ ತೆರೆದರು. ನಾನು ಕೈ ತೊಳೆದು ಬಂದು ಹಲ್ಲು ಹಾಕಿದೆ. ಉಳಿದ ಬಂಗುಡೆಯನ್ನು ಅನ್ನದ ಜೊತೆ ನಿಧಾನವಾಗಿ, ಎಡಗಡೆಯಲ್ಲಿ, ಅಗಿದು ತಿಂದರು.