ಹಲ್ಲು ಕೀಳಿಸಿದ ದಿನ ನಿಲ್ಲದ ರಕ್ತ

ಎರಡು ವರ್ಷದ ಹಿಂದಿನ ಮಾತು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ನನಗೆ ಹತ್ತು ತಿಂಗಳಾಗಿತ್ತು, ರಕ್ತ ತೆಳ್ಳಗಾಗುವ ಮಾತ್ರೆ ದಿನಾ ನುಂಗುತ್ತಿದ್ದೆ. ಹುಳುಕು ಹಲ್ಲೊಂದು ಪ್ರಾಣ ತಿನ್ನುತ್ತಿತ್ತು. ನಂಜನಗೂಡಿನ ಮಗಳ ಮನೆಗೆ ಹೋದವನು ಅಲ್ಲೇ ಕೀಳಿಸಿಬಿಟ್ಟೆ. “ಬೇರೆ ಏನಾದ್ರೂ ಮಾತ್ರೆ ತಗೋತೀರಾ?” ಎಂದು ಹಲ್ಲಿನ ಡಾಕ್ಟರು ಕೇಳಿದ್ದರು. ಹೂಂ ಅಂದರೆ ಕೀಳದೆ ವಾಪಸ್ ಕಳಿಸುತ್ತಾರೆ ಅಂತ “ಇಲ್ಲ” ಅಂದೆ.

ಒಂದು ಗಂಟೆ ಕಚ್ಚಿಕೊಂಡಿರಿ ಎಂದು ಕೊಟ್ಟ ಹತ್ತಿಯನ್ನು ಬಸ್ ಸ್ಟ್ಯಾಂಡಿನಲ್ಲೇ ಬಿಸಾಡಿ ಕಾಫಿ ಕುಡಿದೆ. ನಮ್ಮೂರು ಟಿ. ನರಸೀಪುರದ ಪಕ್ಕದ ಸೋಸಲೆ. ಟಿ. ನರಸೀಪುರದ ಬಸ್ ಹತ್ತಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಾಯಿ ತುಂಬ ರಕ್ತ. ಕಿಟಕಿಯಿಂದ ಉಗಿದೆ. ಮತ್ತೆ ತುಂಬಿತು. ಟವೆಲ್ ಅರ್ಧ ಕೆಂಪಾಯಿತು.

ಪಕ್ಕದಲ್ಲಿ ಕೂತಿದ್ದ ಐವತ್ತೈದರ ಆಸುಪಾಸಿನ ಹೆಂಗಸು, “ಉಗೀಬೇಡಿ ಅಣ್ಣಾ, ನಾನು ನರ್ಸ್ ಆಗಿದ್ದೋಳು” ಅಂದರು. ಚೀಲದಿಂದ ಒಗೆದ ಕರ್ಚೀಫು ತೆಗೆದು, ಗಟ್ಟಿಯಾಗಿ ಸುತ್ತಿ, ಹಲ್ಲು ಕಿತ್ತ ಜಾಗದ ಮೇಲಿಟ್ಟು ಕಚ್ಚಿಸಿದರು.

“ಗಾಯ ಆದ್ ತಕ್ಷಣ ರಕ್ತದಲ್ಲಿರೋ ಸಣ್ಣ ಕಣಗಳು ಬಂದು ಅಲ್ಲಿ ಅಂಟ್ಕೊತವೆ. ಅದರ ಮೇಲೆ ಎಳೆಎಳೆಯಾಗಿ ಬಲೆ ಕಟ್ಕೊಂಡು ಹೆಪ್ಪಾಯ್ತದೆ. ನೀವು ಉಗಿದಾಗೆಲ್ಲ ಅದೇ ಕಿತ್ಕೊಂಡ್ ಬತ್ತದೆ. ರಕ್ತ ತೆಳ್ಳಗಾಗೋ ಮಾತ್ರೆ ಏನಾದ್ರೂ ತಗೋತೀರಾ?”

ಎದೆ ಮುಟ್ಟಿ ತೋರಿಸಿದೆ.

“ಸ್ಟೆಂಟಾ? ಹಲ್ಲಿನ ಡಾಕ್ಟ್ರಿಗೆ ಹೇಳಿದ್ರಾ?”

ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. “ಹೆದರ್ಕೊಂಡು ನಾಳೆಯಿಂದ ಮಾತ್ರೆ ಬಿಟ್ಬಿಡಬೇಡಿ ಮತ್ತೆ. ಬಾಯಲ್ಲಿ ಹೆಪ್ಪು ಕಟ್ಟಿದ್ರೆ ಒಳ್ಳೇದು, ಸ್ಟೆಂಟ್ ಒಳಗೆ ಕಟ್ಟಿದ್ರೆ ಜೀವಕ್ಕೇ ಕುತ್ತು” ಅಂದರು. ನಿಜ ಹೇಳಬೇಕೆಂದರೆ, ಮಾತ್ರೆ ನಿಲ್ಲಿಸಬೇಕು ಅಂತಲೇ ನಾನು ಯೋಚಿಸುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಕಂಡಕ್ಟರ್, “ಅಕ್ಕಾ, ನಿಮ್ಮ ಸ್ಟಾಪ್ ಬಂತು” ಅಂದ. “ಮುಂದಕ್ಕೆ ಟಿಕೆಟ್ ಕೊಡಪ್ಪ” ಅಂದವರೇ ಕೂತೇ ಇದ್ದರು. ಟಿ. ನರಸೀಪುರದಲ್ಲಿ ಇಳಿದು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ನನಗೆ ಬಾಯಿ ತೆಗೆಯಲು ಬಿಡದೆ ಎಲ್ಲವನ್ನೂ ತಾವೇ ಡಾಕ್ಟರಿಗೆ ವಿವರಿಸಿದರು.

ಅಷ್ಟರಲ್ಲಿ ರಕ್ತ ಬಹುಪಾಲು ನಿಂತಿತ್ತು. ಡಾಕ್ಟರು ಹೊಲಿಗೆ ಹಾಕಿ ಹೊಸ ಹತ್ತಿ ಇಟ್ಟರು. ನನ್ನ ಹೃದಯದ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಮಾತ್ರೆ ಯಾವುದೂ ನಿಲ್ಲಿಸಬೇಡಿ ಅಂದರು.

ಆಕೆ ಬಾಗಿಲಲ್ಲಿ ನಿಂತು “ಬತ್ತೀನಣ್ಣಾ, ಬಸ್ಸಿಗೆ ಹೊತ್ತಾಯ್ತು” ಅಂದರು. ಬಾಯಲ್ಲಿ ಹತ್ತಿ. ಏನೋ ಹೇಳಲು ಹೋದೆ. “ಮಾತಾಡ್ಬೇಡಿ” ಎಂದು ಹೊರಟೇಹೋದರು. ಹೆಸರೂ ಕೇಳಲಾಗಲಿಲ್ಲ. ಬರೀ ಕೈ ಮುಗಿದೆ.

ಸುಳ್ಳು ಹೇಳಿದ್ದು ನಾನು, ತಮ್ಮ ಊರು ದಾಟಿ ಬಂದದ್ದು ಅವರು. ನೆನೆದಾಗಲೆಲ್ಲ ನಾಚಿಕೆಯೂ ಆಗುತ್ತದೆ, ಕಣ್ಣೂ ತುಂಬುತ್ತದೆ.